ನಡಾವಳಿಗೆ ಸೇರದ್ದು

ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು:
ಜೂನ್ ಹನ್ನೊಂದು, ಸಂಜೆ ಏಳು, ಚರ್ಚಿನ ಹಾಲು,
ಹಾಜರಿ ಹದಿಮೂರು.
ವಿಷಯ ಒಂದು: ಅಂಚೆ ಕಚೇರಿ ಮುಂದಿನ ಹೂವಿನ ಪೀಪಾಯಿಗಳಿಗೆ
ನೀರು ಹಾಕುವ ಸರದಿ ಯಾರದು.
ವಿಷಯ ಎರಡು: ಕಡಲಪಾಚಿ.
ವಿಷಯ ಮೂರು: ಮೂಸ್.

ನ್ಯೂಫೌಂಡ್‌ಲ್ಯಾಂಡಿಗೆ ನಾವು ಬಂಡೆ ಅಂತಲೇ ಅನ್ನುವುದು.
ಇಲ್ಲಿ ಮಣ್ಣು ಇರುವುದಿಲ್ಲ, ಮಾಡಿಕೊಳ್ಳಬೇಕು
ಹಿಟ್ಟು ನಾದಿದ ಹಾಗೆ.
ಬಿರುಗಾಳಿಯ ಮರುದಿನ ಬ್ರೈಡ್ ಕೀಲಿಯ ಪಿಕಪ್ಪಿನಲ್ಲಿ
ಕೊಲ್ಲಿಗೆ ಹೋಗಿ ಕವಲುಗೋಲಿನಲ್ಲಿ
ಪಾಚಿ ಎಳೆದೆಳೆದು ತುಂಬುತ್ತೇವೆ.
ಕ್ಯಾಪ್ಲಿನ್ ಮೀನು ದಡಕ್ಕೆ ಉರುಳಿ ಬರುವ ವಾರ
ಬಕೆಟ್ಟು ಹಿಡಿದು ಮೊಣಕಾಲುದ್ದದ ತಣ್ಣೀರಿಗೆ—
ಅರ್ಧ ಬಾಣಲೆಗೆ, ಅರ್ಧ ಆಲೂಗಡ್ಡೆಯ ಸಾಲಿಗೆ.
ಆ ನಾತಕ್ಕೆ ಊರೇ ಮೂಗು ಮುಚ್ಚಿಕೊಂಡು ಬೈಯುತ್ತದೆ.
ಸೆಪ್ಟೆಂಬರಿನಲ್ಲಿ ಅದೇ ಊರು
ಚೀಲ ಹಿಡಿದು ನಿಲ್ಲುತ್ತದೆ, ಟರ್ನಿಪ್ಪಿಗೆ.

ಮೂಸಿಗೆ ಸರದಿ ಇಲ್ಲ, ಚಂದಾ ಇಲ್ಲ.
ಕುದುರೆಗಿಂತ ಎತ್ತರ, ಕೋಣದ ನಿಧಾನ.
ಹೋದ ವರ್ಷ ಎಲೆಕೋಸಿನ ಸಾಲಿನಲ್ಲಿ
ಒಂದನ್ನೂ ಪೂರ್ತಿ ತಿನ್ನದೆ
ಎಲ್ಲದರ ತಲೆ ಕಚ್ಚಿ ರುಚಿ ನೋಡಿ ಹೋಗಿತ್ತು,
ಊಟಕ್ಕೆ ಬಂದ ಬೀಗರ ಹಾಗೆ.

ತಂತಿ ಬೇಲಿಗೆ ನಾಲ್ಕು ಸಾವಿರ ಡಾಲರ್.
ಕ್ಲಬ್ಬಿನ ಗಂಟು ಮುನ್ನೂರ ಹನ್ನೆರಡು,
ಅದೂ ಫಿಲೊಮಿನಾಳ ಬ್ಲೂಬೆರಿ ಜಾಮು ಮಾರಿದ್ದು.
ಬೇಲಿ ಬೇಕೆಂದು ಹದಿಮೂರೂ ಜನ ಕೈ ಎತ್ತಿದರು.
ದುಡ್ಡು ಎಲ್ಲಿಂದ ಅಂದಾಗ
ಎಲ್ಲ ಕೈಗಳೂ ಟೀ ಕಪ್ಪಿನ ಸುತ್ತ.

ಆಂಬ್ರೋಸ್ ಹದಿನಾಲ್ಕನೆಯವನು, ಲೆಕ್ಕಕ್ಕಿಲ್ಲ.
ಬಿಸ್ಕತ್ತಿಗೆ ಬರುತ್ತಾನೆ ಅಂತ ನಾವು ಆಡಿಕೊಳ್ಳುವುದು.
ಮಣ್ಣು ಮುಟ್ಟಿದವನಲ್ಲ.
ಕಾಡ್ ಮೀನು ಹಿಡಿಯಕೂಡದೆಂದು
ಸರ್ಕಾರದ ಕಾಗದ ಬಂದ ವರ್ಷದಿಂದ
ನೀರೂ ಮುಟ್ಟಿದವನಲ್ಲ.
ಅವತ್ತೂ ಕಪ್ಪು ತೊಳೆದಿಟ್ಟು ಹೋದ, ಏನೂ ಅನ್ನದೆ.

ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ
ಗುಡ್ಡದಂತೆ ಬಿದ್ದಿತ್ತು ಬಲೆ.
ಮೂವತ್ತು ವರ್ಷ ಅಟ್ಟದಲ್ಲಿ ಮಡಿಚಿಟ್ಟದ್ದು;
ಬಿಡಿಸಿದರೆ ಇಲಿಗೂಡು, ಉಪ್ಪಿನ ಪುಡಿ,
ಒಂದು ಏಡಿಯ ಕಾಲು.
ಅವನು ಹೇಳಿದ್ದು ಒಂದೇ ಮಾತು:
'ಕೆಳಗಡೆ ಬಿಗಿ ಕಟ್ಟಿ, ಮರಿ ತಲೆ ತೂರಿಸುತ್ತೆ.'

ಆಮೇಲೆ ಗಂಟು ಕಲಿಸಿದ.
ಸ್ಕೂಲ್ ಬಸ್ಸಿನ ಡ್ರೈವರ್, ದವಾಖಾನೆಯ ನರ್ಸ್,
ಡೊರೀನಾಳ ಅವಳಿ ಹುಡುಗರು, ನಾನು.
ಎರಡು ಬೆರಳು ಅರ್ಧಕ್ಕೇ ಮುಗಿದ ಆ ಕೈ
ಹುರಿಯೊಳಗೆ ಹೊಕ್ಕು, ಸುತ್ತಿ, ಹೊರಟು, ಬಿಗಿದು—
ಇನ್ನೊಂದು ಸಲ ಅಂದೆವು.
ಇನ್ನೊಂದು ಸಲ.
ಹುಡುಗರಿಗೆ ಬಂತು. ನನಗೆ ಈಗಲೂ ಸರಿಯಾಗಿ ಬರುವುದಿಲ್ಲ.

ಮಧ್ಯಾಹ್ನಕ್ಕೆ ಬಲೆ ಬೇಲಿಯಾಗಿತ್ತು.
'ಹಿಡಿಯುತ್ತಿದ್ದದ್ದು ಇವತ್ತು ಕಾಯುತ್ತಿದೆ' ಎಂದು
ಪಾದ್ರಿಗಳು ಏನೋ ಶುರುಮಾಡಿದರು.
ಆಂಬ್ರೋಸ್ ಅವರ ಕೈಗೆ ಸುತ್ತಿಗೆ ಕೊಟ್ಟು
ಉಳಿದ ಕಂಬ ತೋರಿಸಿದ.

ಪುಸ್ತಕದಲ್ಲಿ ಬರೆದೆ:
ಬೇಲಿ, ಆಯಿತು. ಖರ್ಚು, ಇಲ್ಲ.

ಆಗಸ್ಟಿನ ಒಂದು ಸಂಜೆ ಗುಬ್ಬಿಯೊಂದು ಸಿಕ್ಕಿಕೊಂಡು
ಒದ್ದಾಡುತ್ತಿತ್ತು. ಬ್ರೈಡ್ ಕತ್ತರಿ ತಂದು
ಬಲೆಯ ನಾಲ್ಕು ಕಣ್ಣು ಕತ್ತರಿಸಿ ಬಿಟ್ಟಳು.
ಅವನಿಗೆ ಯಾರೂ ಹೇಳಲಿಲ್ಲ, ಹೆದರಿಕೆ.
ಬೆಳಗಾದರೆ ಆ ತೂತು ಹೆಣೆದಿತ್ತು,
ಕಿತ್ತಳೆ ಬಣ್ಣದ ಹೊಸ ಹುರಿ.
ಒಳಗೆ, ಇಬ್ಬನಿಯಲ್ಲಿ, ರಬ್ಬರ್ ಬೂಟಿನ ಗುರುತು
ಮೂರನೇ ಪಾತಿಯವರೆಗೆ.
ಅಲ್ಲಿ ಕಳೆ ಕಿತ್ತು ಗುಡ್ಡೆ ಹಾಕಿತ್ತು, ನೀಟಾಗಿ,
ಅದರ ಜೊತೆಗೇ, ಅಭ್ಯಾಸವಿಲ್ಲದ ಕೈ,
ಬೆರಳಷ್ಟೂ ಇಲ್ಲದ ಎರಡು ಕ್ಯಾರೆಟ್.

ಯಾರಾದರೂ ನೋಡುವ ಮೊದಲು
ನಲ್ಲಿಯಲ್ಲಿ ತೊಳೆದು
ಅಲ್ಲೇ ನಿಂತು ತಿಂದುಬಿಟ್ಟೆ.