ನಾಲ್ಕನೇ ಕಿಂಡಿ

ಚೀಟಿ ತಗೊಂಡು ಒಳಗೆ ಬಂದದ್ದು
ಇದೇ ಮೊದಲು.
ಆಗೆಲ್ಲ ಹಿಂದಿನ ದಿಡ್ಡಿ ಬಾಗಿಲು,
ತಲೆ ಮೇಲೆ ಗಚ್ಚಿನ ಬುಟ್ಟಿ.
ಸುಣ್ಣ, ಬೆಲ್ಲ, ಅಳಲೆಕಾಯಿ ನೀರು:
ಈ ಕೋಟೆಯ ರುಚಿ
ಇರುವೆಗಳಿಗಷ್ಟೇ ಗೊತ್ತಿತ್ತು.

ಗೈಡು ಹೇಳುತ್ತಾನೆ
ಪೋರ್ತುಗೀಸರು, ದಂಡನಾಯಕರು,
ಇಸವಿಯ ಮೇಲೆ ಇಸವಿ.
ಯಮನೂರ ಇಂಗ್ಲಿಷ್ ಹಲಗೆ ಓದಿ
ಅರ್ಧ ಕೊಂಕಣಿಯಲ್ಲಿ ನನಗೆ ತಿಳಿಸುತ್ತಾನೆ.
ಆಮೇಲೆ ಮೆಲ್ಲಗೆ,
'ನಾ ಎಲ್ಲಿ ಮಲಗತಿದ್ದೆ ಯವ್ವಾ?'

ಬುರುಜು ಹತ್ತಿ ಎಣಿಸಿದೆ. ಮೂರನೇ ಕಿಂಡಿ.
ಅಲ್ಲ, ನಾಲ್ಕು.
ಹಸಿರು ಇಳಕಲ್ ಸೀರೆ
ಜೋಲಿಯಾಗಿ ತೂಗಿದ ಜಾಗದಲ್ಲಿ
ಈಗ ತೋಪು ಮಲಗಿದೆ
ಕರಿ ಬಣ್ಣ ಬಳಿಸಿಕೊಂಡು,
ಮುಟ್ಟಬೇಡಿ ಅನ್ನಿಸಿಕೊಂಡು,
ಬಾಯಿ ಹೊಳೆಯ ಕಡೆಗೆ.

ಮಾಂಡೋವಿಯ ಗಾಳಿ ಮಾತ್ರ ಅದೇ.
ಆಗ ಜೋಲಿ ತೂಗುವ ಕೆಲಸ ಅದರದು;
ಶನಿವಾರದ ಬಟವಾಡೆಯಲ್ಲಿ
ಅದಕ್ಕೂ ಹೆಸರಿರಲಿಲ್ಲ.

ಹನ್ನೆರಡರ ಹುಡುಗ ಬಗ್ಗಿ
ತೋಪಿಗೂ ಗೋಡೆಗೂ ನಡುವಿನ ಸಂದಿಗೆ
ತಲೆಯಿಟ್ಟ. ಕಣ್ಣು ಮುಚ್ಚಿದ.
ಕಾವಲಿನವ ಸೀಟಿ ಊದುತ್ತ ಓಡಿ ಬಂದ.

ತಡಿಯಪ್ಪಾ, ಅಂದೆ,
ಅವನಿಗೆ ತಿಳಿಯದ ನನ್ನ ಕನ್ನಡದಲ್ಲೇ,
ಮಗು ಇನ್ನೂ ಎದ್ದಿಲ್ಲ.