ಸಮಿತಿಯಲ್ಲಿ ಅಜ್ಜ

ಎಡಗೈಯಲ್ಲಿ ದಲ್ಲಾ, ಕೊಕ್ಕಿನ ಕಾಫಿಗಿಂಡಿ;
ಬಲಗೈಯಲ್ಲಿ ಒಂದರೊಳಗೊಂದು ಕೂತ ಫಿಂಜಾನು ಬಟ್ಟಲು.
ಸುರಿಯುವುದಷ್ಟೇ ನನ್ನ ಕೆಲಸ.
ಕುಡಿದವರು ಬಟ್ಟಲನ್ನು ಎರಡು ಸಲ ಅಲುಗಿಸಿದರೆ ಸಾಕೆಂದರ್ಥ.
ಅಲುಗಿಸುವ ತನಕ ಸುರಿಯುತ್ತಲೇ ಇರಬೇಕು.
ನನಗಿಂತ ಮೊದಲಿದ್ದ ಸುಡಾನಿನ ಮುದುಕ
ಇಷ್ಟನ್ನು ಕಲಿಸಿ, ಏಪ್ರನ್ ಬಿಚ್ಚಿಕೊಟ್ಟು, ಊರಿಗೆ ಹೋದ.

ಎಣ್ಣೆ ಬ್ಯಾರಲ್ಲಿಗೆ ಮೂವತ್ತು ಡಾಲರಿಗೆ ಇಳಿದ ಚಳಿಗಾಲ.
ಹಣಕಾಸು ಸಮಿತಿ ಬೆಳಗಿನಿಂದ ಕೂತಿದೆ.
ಎಲ್ಲರ ಬಾಯಲ್ಲೂ ಒಂದೇ ಮಾತು: ಅಜ್ಜ್, ಅಜ್ಜ್.
ಮೊದಮೊದಲು ನನಗೆ ಗಾಬರಿ.
ಕುಷ್ಟಗಿಯಲ್ಲಿ ಸೀಮೆಎಣ್ಣೆ ಗಾಡಿ ನೂಕುತ್ತಿದ್ದ ನನ್ನಜ್ಜ
ಕುವೈತಿನ ಇಷ್ಟು ದೊಡ್ಡವರಿಗೆ ಹೇಗೆ ಗೊತ್ತು?
ಅಜ್ಜ ಈ ವರ್ಷ ಎಷ್ಟು ಬೆಳೆದಿದ್ದಾನೆ,
ಅಜ್ಜನನ್ನು ಹೇಗೆ ಕುಗ್ಗಿಸುವುದು,
ಅಜ್ಜನನ್ನು ಹೆತ್ತವರು ಯಾರು.
ಟಿಪ್ಪಣಿ ಬರೆಯುವ ಈಜಿಪ್ಟಿನ ಸಫ್ವತ್ ನಕ್ಕು ಹೇಳಿದ:
ಅದು ಖೋತಾ ಕಣಯ್ಯ, ಬಂದದ್ದಕ್ಕಿಂತ ಹೋದದ್ದು ಹೆಚ್ಚು.
ಕೈಲಾಗದಿರುವುದಕ್ಕೂ ನಮ್ಮಲ್ಲಿ ಅದೇ ಪದ.

ಕಿಟಕಿಯ ಕಡೆ ಡಾಕ್ಟರ್ ಯಅಕೂಬ್.
ವ್ಯಾಪಾರಸ್ಥರ ಮನೆತನ, ಬೆಳ್ಳಿ ಪೆನ್ನು, ಇಳಿಯುವ ಗೆರೆಗಳ ನಕ್ಷೆ.
"ಪೆಟ್ರೋಲಿನ ಸಬ್ಸಿಡಿ ಕಡಿಯಿರಿ, ಕರೆಂಟಿನದು ಕಡಿಯಿರಿ,
ಹುಟ್ಟದ ಮೊಮ್ಮಕ್ಕಳ ಪಾಲನ್ನು ನಾವು ಕುಡಿಯುತ್ತಿದ್ದೇವೆ"
ಅನ್ನುತ್ತ ನಾಲ್ಕನೇ ಸಲ ಬಟ್ಟಲು ಚಾಚಿದರು.
ನನ್ನಜ್ಜನಾಗಿದ್ದರೆ ಇಷ್ಟುದ್ದ ಎಳೆಯುತ್ತಿರಲಿಲ್ಲ:
ಕುಡಿಕೆ ಹೊನ್ನಿದ್ದರೂ ಕೂತುಂಡರೆ ಸಾಲದು, ಅಷ್ಟೇ.

ಬಾಗಿಲ ಕಡೆ ಅಬು ಹುಮೂದ್, ಜಹ್ರಾದಿಂದ ಗೆದ್ದು ಬಂದವರು,
ಮೇಜು ಗುದ್ದಿದರೆ ತಟ್ಟೆಯ ಖರ್ಜೂರ ಹಾರುತ್ತವೆ.
"ನಮ್ಮ ಹುಡುಗರ ಸಂಬಳ ಮುಟ್ಟಿ ನೋಡಿ!
ಟೆಂಡರು ನುಂಗಿದವರು ನಿಮ್ಮ ಬೀದಿಯವರು,
ಹೊಟ್ಟೆಗೆ ಪಟ್ಟಿ ಬಿಗಿಯಬೇಕಾದವರು ನಮ್ಮ ಓಣಿಯವರೋ?"
ಅದೂ ಸರಿ ಅನ್ನಿಸಿತು ನನಗೆ.
ಸೀಮೆಎಣ್ಣೆ ಕಮ್ಮಿ ಬಂದಾಗಲೆಲ್ಲ
ಮೊದಲು ಕತ್ತಲಾಗುತ್ತಿದ್ದದ್ದು ಯಾವ ಓಣಿ,
ಗಾಡಿಯ ಹಿಂದೆ ನಡೆದವನಿಗೆ ಗೊತ್ತು.

ಹೀಗೆ ಇಬ್ಬರ ಮಾತಿಗೂ ತಲೆ ತೂಗುವ ಆಸಾಮಿಗೆ
ಓಟಿಲ್ಲದ್ದೇ ಒಳ್ಳೆಯದು.

ನಮಾಜಿಗೆ ಎದ್ದರು, ಬಂದರು,
ಬಿಟ್ಟ ಜಾಗದಿಂದಲೇ ಬೈಯಲು ಶುರು ಮಾಡಿದರು.
ಹದಿನೇಳನೇ ಪುಟದಲ್ಲಿ ಒಂದು ಸಾಲು:
ಪರದೇಶಿಗಳ ಆಸ್ಪತ್ರೆ ಚೀಟಿಗೆ ಎರಡರ ಬದಲು ಐದು ದಿನಾರ್.
ಓದಿ ಮುಗಿಸುವ ಮೊದಲೇ
ಕಿಟಕಿಯ ಕಡೆಯ ಕೈ, ಬಾಗಿಲ ಕಡೆಯ ಕೈ
ಒಟ್ಟಿಗೇ ಮೇಲೆದ್ದವು.
ಅರ್ಧ ನಿಮಿಷವೂ ಹಿಡಿಯಲಿಲ್ಲ.

ನನ್ನ ಹೆಸರು ಮೆಹಬೂಬ. ಅರಬ್ಬಿಯಲ್ಲಿ, ಪ್ರೀತಿಗೆ ಪಾತ್ರನಾದವನು.
"ಯಾ ಮೆಹಬೂಬ್, ಗಹ್ವಾ" ಎಂದರು ಇಬ್ಬರೂ.
ಸುರಿದೆ.

ಹಿಂದಿನ ವಾರವೇ ಕಚೇರಿಯ ಉಪಚಾರದ ಬಾಬತ್ತು ಇಳಿದಿತ್ತು,
ಗ್ವಾಟೆಮಾಲಾದ ಏಲಕ್ಕಿ ಚೀಲ ಮೂರಿದ್ದದ್ದು ಒಂದಾಗಿತ್ತು.
ಡಾಕ್ಟರ್ ಒಂದು ಗುಟುಕು ಹೀರಿ ಮುಖ ಸೊಟ್ಟಗೆ ಮಾಡಿದರು.
ಅಬು ಹುಮೂದ್ ಬಟ್ಟಲೊಳಗೆ ಇಣುಕಿದರು.
"ಇದೇನಿದು, ನೀರು?"
ಇಡೀ ದಿನದಲ್ಲಿ ಎರಡನೇ ಒಮ್ಮತ.
ಸಫ್ವತ್ ಅದನ್ನು ಬರೆದುಕೊಳ್ಳಲಿಲ್ಲ.

ಸಂಜೆ, ಕೊಲ್ಲಿಯ ನೀರು ಬೂದಿ ಬಣ್ಣ.
ಆಚೆ, ಹೊಟ್ಟೆ ತುಂಬಿಕೊಂಡು
ಒಳ್ಳೆಯ ಬೆಲೆಗೆ ಕಾಯುತ್ತ ನಿಂತ ಎರಡು ಟ್ಯಾಂಕರು.
ಸಭೆ ಭಾನುವಾರಕ್ಕೆ ಮುಂದೆ ಹೋಯಿತು.
ಕುರ್ಚಿಗಳು ಸರಿದವು, ಜಪಮಣಿಗಳು ಜೇಬು ಸೇರಿದವು.
ಬಟ್ಟಲನ್ನು ಮಾತ್ರ ಯಾರೂ ಅಲುಗಿಸಲಿಲ್ಲ.

ಅಡುಗೆಕೋಣೆಯ ತೊಟ್ಟಿಯ ಮೇಲೆ ದಲ್ಲಾ ಬೋರಲು ಹಿಡಿದೆ.
ನನ್ನಜ್ಜನೂ ಡಬ್ಬಿ ಖಾಲಿಯಾದ ಮೇಲೆ
ಹೀಗೇ ಹಿಡಿದು ನಿಲ್ಲುತ್ತಿದ್ದ,
ಬಾಟಲಿ ತಂದ ಹೆಂಗಸು ಹೊರಟರೆ
"ತಡಿಯವ್ವ, ಇನ್ನೂ ಅದ" ಅನ್ನುತ್ತಿದ್ದ.

ಒಂದು ಹನಿ.
ಆಮೇಲೆ ಬಹಳ ಹೊತ್ತಿಗೆ
ಇನ್ನೊಂದು.