ಆರನೆಯ ದಿನ

ಆರನೆಯ ದಿನ ದೇವರು ಮನುಷ್ಯನನ್ನು ಮಾಡಿ
ನೋಡಿ, ಬಹಳ ಚೆನ್ನಾಗಿದೆ ಅಂದನಂತೆ.
ನಮ್ಮಲ್ಲಿ ಆರನೆಯ ದಿನ ತಲೆ ಎಣಿಸುತ್ತಾರೆ.
ಜೂನಿನಲ್ಲಿ ಬಾಗಿಲು ತೆರೆದ ಆರನೆಯ ದಿನ
ಹಾಜರಿ ಪುಸ್ತಕದಲ್ಲಿ ಎಷ್ಟು ತಲೆಯೋ
ಅಷ್ಟೇ ಟೀಚರು, ಅಷ್ಟೇ ಸಂಬಳ, ಅಷ್ಟೇ ಕನ್ನಡ.

ಹದಿನೈದು ಬೇಕು.
ಒಂದನೇ ಕ್ಲಾಸಿನಲ್ಲಿ ಹದಿನಾಲ್ಕು.

ಪೆರ್ಲದಿಂದಾಚೆ ಮುರಕಲ್ಲಿನ ಪದವಿನ ಮೇಲೆ ನಮ್ಮ ಶಾಲೆ.
ಕಟ್ಟಿದ ಇಟಲಿಯ ಪಾದ್ರಿ
ತುಳುವಿನಲ್ಲಿ ಪಾಪ ಕೇಳಿ
ಕನ್ನಡದಲ್ಲಿ ಬಯ್ಯುತ್ತಿದ್ದರಂತೆ.
ನನ್ನ ಅಜ್ಜ ಇಲ್ಲಿ ಬೆಂಚಿನ ಮೇಲೆ ನಿಂತವರು,
ಅಪ್ಪ ಅದೇ ಬೆಂಚಿನ ಮೇಲೆ.

ಎಂಟೂಕಾಲಿಗೆ ಇಗರ್ಜಿಯ ಎದುರು ಹಳದಿ ಬಸ್ಸು ನಿಲ್ಲುತ್ತದೆ.
ಟೈ ಕಟ್ಟಿಕೊಂಡು ಹತ್ತುತ್ತಾರೆ
ಗುರಿಕಾರರ ಮೊಮ್ಮಕ್ಕಳು, ಮಿರೋಣಿಯ ಮಗಳು,
ನನ್ನ ಮಗಳ ಮಗನೂ.
ಕೈ ಬೀಸುತ್ತಾನೆ. ನಾನೂ ಬೀಸುತ್ತೇನೆ.
ಬೇರೇನು ಮಾಡಲಿ?

ನನಗೆ ಉಳಿದವರು
ಮಮ್ಮುಂಞಿಯ ಅವಳಿ ಹುಡುಗಿಯರು,
ಕೊರಗರ ಕಾಲನಿಯಿಂದ ನಾಲ್ವರು,
ಕಲ್ಲುಕೋರೆಯ ಶೆಡ್ಡಿನಿಂದ ಬರುವ ಬಾದಾಮಿ ಕಡೆಯವರು.
ಯಾರ ಕೊರಳಲ್ಲೂ ಶಿಲುಬೆಯಿಲ್ಲ.
ಇರುವುದು ಕರಿಹಲಗೆಯ ಮೇಲೆ, ಒಂದು ಮೊಳೆ ಸಡಿಲ.
ಇದು ಕ್ರೈಸ್ತ ಶಾಲೆ ಹೇಗಾಗುತ್ತದೆ ಎಂದು
ಮೀಟಿಂಗಿನಲ್ಲಿ ಯಾರೋ ಕೇಳಿದರು.
ಉತ್ತರ ಹೊಳೆಯಿತು, ಮನೆಗೆ ಬಂದು ಬಟ್ಟೆ ಒಗೆಯುವಾಗ.

ಫ್ಲೋಸಿ ಟೀಚರು ಸೇರಿ ಆರು ವರ್ಷ.
ಅವಳ ನೇಮಕದ ಫೈಲು ತಿರುವನಂತಪುರದಲ್ಲಿ ಮಲಗಿದೆ.
ಸಂಜೆ ಬೀಡಿ ಕಟ್ಟುತ್ತಾಳೆ, ಯಾರಿಗೂ ಗೊತ್ತಿಲ್ಲ ಎಂದುಕೊಂಡು.
ಕೈಹಿಡಿದು ಅಕ್ಷರ ತಿದ್ದಿಸಿಕೊಂಡ ಮಕ್ಕಳಿಗೆ
ಆ ಬೆರಳಿನ ಹೊಗೆಸೊಪ್ಪು ಗೊತ್ತು.

ಹದಿನೈದನೆಯವಳು ರೇಣವ್ವ.
ಕೋರೆ ನಿಂತಿತು, ಮೊನ್ನೆ ರಾತ್ರಿ ಲಾರಿ ಹತ್ತಿದರು.
ಮೂಲೆಯಲ್ಲಿ ಅವಳ ಕೊಡೆ ಉಳಿಯಿತು.
‘ಹೆಸರು ಇರಲಿ ಬಿಡಿ ಟೀಚರ್, ಒಂದು ದಿನದ ಮಟ್ಟಿಗೆ’
ಎಂದರು ಮ್ಯಾನೇಜರ್ ಫಾದರ್, ಹಲಸಿನ ಮರ ನೋಡುತ್ತಾ.
ಸುಳ್ಳು ಸಾಕ್ಷಿ ಹೇಳಬೇಡ ಎಂಬ ಎಂಟನೆಯ ಕಟ್ಟಳೆ
ಅವರು ನನಗೆ ಕಲಿಸಿದ್ದಲ್ಲ,
ನಾನು ಅವರಿಗೆ. ಇದೇ ಕೋಣೆ, ಮೂರನೇ ಕ್ಲಾಸು.
ಪೆನ್ಸಿಲು ಕದ್ದು ಅತ್ತಿದ್ದ ಹುಡುಗ.

ಎ.ಇ.ಒ. ಆಫೀಸಿನವರು ಬಂದರು. ಒಳ್ಳೆಯ ಮನುಷ್ಯ,
ನೀರು ಕೇಳಿ ಕುಡಿದರು. ಫಾರಂ ಮಲಯಾಳದಲ್ಲಿ.
ಓದಿದೆ, ಅಕ್ಷರಕ್ಕೆ ಅಕ್ಷರ ಕೂಡಿಸಿ,
ನನ್ನ ಒಂದನೇ ಕ್ಲಾಸಿನವರ ಹಾಗೆ.

ಹೆಸರು ಕರೆದೆ.
ರೇಣವ್ವ, ಅಂದೆ. ಬಾಯಿ ತಪ್ಪಿಯೋ,
ಬಾಯಿ ತಪ್ಪಲೆಂದೋ.
‘ಹಾಜರ್ ಟೀಚರ್!’
ಅವಳಿಗಳಲ್ಲಿ ಕಿರಿಯವಳು, ಸಕೀನಾ.
‘ಕೊಡೆ ಬಿಟ್ಟು ಹೋಗಿದ್ದಾಳಲ್ಲ, ಬರ್ತಾಳೆ.’

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು
ನನ್ನನ್ನೇ ನೋಡಿದರು.
ಗೈರು. ಎರಡೇ ಅಕ್ಷರ.
ಬರೆದೆ.
ಸಕೀನಾ ದಿನವಿಡೀ ನನ್ನೊಡನೆ ಮಾತಾಡಲಿಲ್ಲ.

ನಾಲ್ಕಕ್ಕೆ ಮಳೆ. ನನ್ನ ಕೊಡೆ ಮನೆಯಲ್ಲಿ.
ಮೂಲೆಯ ಸಣ್ಣ ಕೊಡೆ ಬಿಡಿಸಿ
ಪದವು ಇಳಿದೆ.
ತಲೆಯೊಂದು ಹಿಡಿಸಿತು ಅದರಡಿ,
ಉಳಿದದ್ದೆಲ್ಲ ತೋಯಿತು.